ಪರದೇಶದಲ್ಲಿ ನಿಮ್ಮದು ಅಂತ ಒಂದು ಬಾರ್ ಸಿಕ್ಕಿದ್ಯಾ? ನನಗೆ ಕೊಲೋನ್‌ನಲ್ಲಿ ಸಿಕ್ತು

ಬಸವನಗುಡಿ ಹುಡುಗ

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇದನ್ನ ಬರೀಬೇಕು ಅನ್ಕೊಂಡಿದ್ದೆ, ಇವತ್ತು ಭಾನುವಾರ, ಇಲ್ಲಿ ಅಂಗಡಿ ಎಲ್ಲ ಮುಚ್ಚಿರತ್ತೆ, ಹೊರಗೆ ಜಿಟಿಜಿಟಿ ಮಳೆ ಬೇರೆ, ಅದಕ್ಕೇ ಕೂತಿದೀನಿ. ಸ್ವಲ್ಪ ಉದ್ದ ಆಗತ್ತೆ.

ನಾನು ಜರ್ಮನಿಯ ಕೊಲೋನ್‌ಗೆ ಬಂದಿದ್ದು 2018ರ ನವೆಂಬರಲ್ಲಿ. ಆ ಕಡೆ ಇರೋರಿಗೆ ಗೊತ್ತಿರತ್ತೆ, ನವೆಂಬರ್ ಕೊನೆಗೆ ಬಂತು ಅಂದ್ರೆ ಸಾಯಂಕಾಲ ನಾಲ್ಕೂವರೆಗೆಲ್ಲ ಕತ್ತಲೆ. ಆಫೀಸಿಂದ ಬಂದು ಕುಕ್ಕರ್ ಇಟ್ಟು ಮನೆಗೆ ಫೋನ್ ಮಾಡೋಣ ಅನ್ನೋ ಹೊತ್ತಿಗೆ ಬೆಂಗಳೂರಲ್ಲಿ ರಾತ್ರಿ ಹನ್ನೊಂದು, ಅಪ್ಪ ಅಮ್ಮ ಮಲಗಿರ್ತಾರೆ. ಮೊದಲ ಮೂರು ತಿಂಗಳು ಮೀಟಿಂಗ್ ಬಿಟ್ರೆ ಇನ್ನೊಬ್ಬ ಮನುಷ್ಯನ ಜೊತೆ ಐದು ನಿಮಿಷ ಬಾಯ್ಬಿಟ್ಟು ಮಾತಾಡಿದ್ದು ನೆನಪಿಲ್ಲ. ಸೂಪರ್‌ಮಾರ್ಕೆಟ್ ಕ್ಯಾಷಿಯರ್‌ಗೆ ಗುಡ್ ಈವ್ನಿಂಗ್ ಹೇಳ್ದಾಗ ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸ್ತಿತ್ತು.

ಆಫೀಸಿನವರು ಒಂದಿನ ಕ್ಯಾಥೆಡ್ರಲ್ ಹತ್ರ ಇರೋ ದೊಡ್ಡ ಬ್ರೌಹೌಸ್‌ಗೆ, ಅಂದ್ರೆ ಬ್ರೂವರಿಯವರ ಬಿಯರ್ ಹೋಟೆಲ್‌ಗೆ, ಕರ್ಕೊಂಡು ಹೋದ್ರು. ಕೊಲೋನ್ ಬಿಯರ್ ಹೆಸರು ಕೋಲ್ಷ್, ಅಲ್ಲಿನ ಜನರ ಆಡುಮಾತಿಗೂ ಅದೇ ಹೆಸರು. 200 ಎಂಎಲ್ ಹಿಡಿಯೋ ಸಣಕಲು ಉದ್ದ ಗ್ಲಾಸು, ಶ್ಟಾಂಗೆ ಅಂತಾರೆ. ನೀಲಿ ಅಂಗಿ, ನೀಲಿ ಏಪ್ರನ್ ಹಾಕಿರೋ ಮಾಣಿ, ಅವನಿಗೆ ಕ್ಯೋಬೆಸ್ ಅಂತ ಹೆಸರು, ಹತ್ತು ಹನ್ನೆರಡು ಗ್ಲಾಸ್ ಸಿಕ್ಕಿಸಿರೋ ಗುಂಡಗಿನ ತಟ್ಟೆ ಹಿಡ್ಕೊಂಡು ಓಡಾಡ್ತಿರ್ತಾನೆ. ನಿನ್ನ ಗ್ಲಾಸ್ ಖಾಲಿ ಆದ್ರೆ ಕೇಳೋದೇ ಇಲ್ಲ, ಇನ್ನೊಂದು ಇಟ್ಟು ಕೆಳಗಿರೋ ರಟ್ಟಿನ ಕೋಸ್ಟರ್ ಮೇಲೆ ಪೆನ್ಸಿಲಲ್ಲಿ ಒಂದು ಗೀಟು ಎಳೀತಾನೆ. ಸಾಕು ಅಂದ್ರೆ ಆ ರಟ್ಟನ್ನ ಗ್ಲಾಸ್ ಮೇಲೆ ಮುಚ್ಚಬೇಕು, ಅದೇ ಭಾಷೆ. ಗ್ಲಾಸ್ ಯಾಕೆ ಅಷ್ಟು ಚಿಕ್ಕದು ಅಂತ ಕೇಳ್ದಾಗ ಗೊತ್ತಾಯ್ತು, ಕೋಲ್ಷ್ ನೊರೆ ಬೇಗ ಇಳಿಯತ್ತೆ, ಬೆಚ್ಚಗಾದ್ರೆ ರುಚಿ ಹೋಗತ್ತೆ, ಚಿಕ್ಕದಿದ್ರೆ ಯಾವಾಗ್ಲೂ ತಾಜಾ ಅಂತ. ಈ ಬಿಯರ್‌ನ ಕೊಲೋನ್ ಸುತ್ತಮುತ್ತ ಬಿಟ್ಟು ಬೇರೆಲ್ಲಾದ್ರೂ ಮಾಡಿ ಯುರೋಪಿಯನ್ ಯೂನಿಯನ್ ಒಳಗೆ ಅದೇ ಹೆಸರಲ್ಲಿ ಮಾರೋ ಹಾಗಿಲ್ಲ, 1986ರಲ್ಲಿ 24 ಬ್ರೂವರಿಗಳು ಕೂತು ಒಪ್ಪಂದ ಮಾಡ್ಕೊಂಡ್ರು, 1997ರಲ್ಲಿ ಯುರೋಪಿಯನ್ ಯೂನಿಯನ್ ರಕ್ಷಣೆನೂ ಸಿಕ್ತು. ನಮ್ಮ ನಂಜನಗೂಡು ರಸಬಾಳೆಗೆ ಜಿಐ, ಅಂದ್ರೆ ಊರಿನ ಹೆಸರಿನ ಹಕ್ಕು, ಇದ್ದ ಹಾಗೆ.

ಅದೆಲ್ಲ ಚೆನ್ನಾಗಿತ್ತು, ಆದ್ರೆ ಅದು ನನ್ನದಲ್ಲ. ಸಾವಿರ ಜನ ಬಂದು ಹೋಗೋ ಜಾಗ. ನನಗೆ ಬೇಕಾಗಿದ್ದಿದ್ದು ಬೇರೆ, ನಾನಿರೋ ನಿಪ್ಪೆಸ್ ಬಡಾವಣೆಲೇ ಮನೆಯಿಂದ ಎರಡು ಬೀದಿ ಆಚೆ ಮೂಲೇಲಿ ಇತ್ತು, ಆರು ತಿಂಗಳು ಅದರ ಮುಂದೇನೇ ಓಡಾಡಿದ್ರೂ ಒಳಗೆ ಕಾಲಿಟ್ಟಿರ್ಲಿಲ್ಲ. ಆ ಕಥೆ ಆಮೇಲೆ ಹೇಳ್ತೀನಿ. ಮೊದ್ಲು ನಿಮ್ಮದು ಹೇಳಿ, ನೀವಿರೋ ಊರಲ್ಲಿ ನಿಮ್ಮದು ಅಂತ ಒಂದು ಬಾರೋ ಪಬ್ಬೋ ಸಿಕ್ಕಿದ್ಯಾ? ಹೇಗೆ ಸಿಕ್ತು?

ಗದಗಿನ ಗಾಳಿ

ಛಲೋ ವಿಷಯ ತಗದ್ರಿ. ನಾ ದೋಹಾದಾಗ ಇರೋದು, ಇಲ್ಲಿ ಓಣಿ ಬಾರ್ ಅನ್ನೋದು ಇಲ್ಲವೇ ಇಲ್ಲ, ಲೈಸೆನ್ಸ್ ಇರೋ ದೊಡ್ಡ ಹೋಟೆಲಿನಾಗಷ್ಟ ಸಿಗ್ತೈತಿ, ಅಲ್ಲಿ ಹೋಗಿ ಕುಂತ್ರ ಓಣಿ ಅನ್ನೋ ಭಾವನೆ ಎಲ್ಲಿಂದ ಬರಬೇಕು. ನನ್ನ ಪಾಲಿಗೆ ಕಡಕ್ ಚಹಾದ ಅಂಗಡಿನ ಬಾರ್. ರಾತ್ರಿ ಹತ್ತಕ್ಕ ಶಿಫ್ಟ್ ಮುಗಿಸಿ ಹೋಗಿ ನಿಂತ್ರ ಮಲಯಾಳಿ ಹುಡುಗ ಕೇಳಂಗಿಲ್ಲ, ಏಲಕ್ಕಿ ಜಾಸ್ತಿ ಸಕ್ಕರಿ ಕಮ್ಮಿ ಹಾಕಿ ಕಪ್ ಮುಂದ ಇಡ್ತಾನ. ಅಲ್ಲೇ ನಿಂತು ನೇಪಾಳಿ, ಸುಡಾನಿ, ಶ್ರೀಲಂಕಾದವ್ರು ಎಲ್ಲಾರೂ ಮಾತಾಡ್ತೇವಿ. ಬಾರ್ ಅಂದ್ರ ಶೆರೆನ ಇರಬೇಕು ಅಂತ ಏನಿಲ್ಲಲ್ರಿ?

ಬಸವನಗುಡಿ ಹುಡುಗ

ಖಂಡಿತ ಇಲ್ಲ ಅಣ್ಣ. ನಮ್ಮ ಕಡೆ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಇದ್ಯಲ್ಲ, 1965ರಿಂದ ಇದೆ, ಅಲ್ಲಿ ನಿಂತ್ಕೊಂಡು ಇಡ್ಲಿ ವಡೆ ತಿಂದು ಕಾಫಿ ಕುಡಿದು ಬೆಳೆದವನು ನಾನು, ಬಾರ್ ಅನ್ನೋ ಪದ ನಾನು ಜೀವನದಲ್ಲಿ ಮೊದಲು ಓದಿದ್ದೇ ಆ ಬೋರ್ಡಲ್ಲಿ. ಅಪ್ಪ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗ್ತಿದ್ದಿದ್ದು ಇಡ್ಲಿಗೆ ಅಂತ ಅಲ್ಲ, ಅದೇ ನಾಲ್ಕು ಜನ ಸಿಗ್ತಾರೆ ಅಂತ. ನಿಮ್ಮ ಚಹಾದ ಅಂಗಡಿನೂ ಅದೇ.

ಹಾಸನದ ಹುಡುಗಿ

ನಾನು ಡಬ್ಲಿನ್‌ನಲ್ಲಿ ನರ್ಸ್. ಹಾಸನದಲ್ಲಿದ್ದಾಗ ಬಾರ್ ಅಂದ್ರೆ ಬಸ್‌ಸ್ಟ್ಯಾಂಡ್ ಹತ್ರ ಕಪ್ಪು ಗ್ಲಾಸಿನ ಬಾಗಿಲು, ಅದರ ಮುಂದೆ ಹೋಗುವಾಗ ತಲೆ ಬಗ್ಗಿಸಿ ಜೋರಾಗಿ ನಡೀಬೇಕು ಅಷ್ಟೇ. ಇಲ್ಲಿ ಬಂದು ಒಂದು ವರ್ಷ ಆದ್ಮೇಲೆ, ವಾರ್ಡಲ್ಲಿ ಕೆಟ್ಟ ರಾತ್ರಿ ಪಾಳಿ ಮುಗಿದ ಮಾರನೇ ದಿನ, ಜೊತೆಯವರು ಎಳ್ಕೊಂಡು ಹೋದ್ರು. ಹಳೇ ಪಬ್ಬು, ಒಳಗೆ ಮರದ ಚಿಕ್ಕ ಕೋಣೆ ಥರ ಇದೆ, ಸ್ನಗ್ ಅಂತಾರೆ, ಹಿಂದೆಲ್ಲ ಹೆಂಗಸರು ಯಾರ ಕಣ್ಣಿಗೂ ಬೀಳದೆ ಕೂತು ಕುಡೀಲಿ ಅಂತ ಇದ್ದಿದ್ದಂತೆ. ಅಂದ್ರೆ ಇಲ್ಲೂ ಒಂದು ಕಾಲದಲ್ಲಿ ನಮ್ಮೂರಿನ ಥರಾನೇ ಇತ್ತು ಅಂತ ಆವತ್ತು ಗೊತ್ತಾಗಿ ಏನೋ ಒಂಥರಾ ಸಮಾಧಾನ. ನಾನು ಕುಡಿಯೋದು ಜಿಂಜರ್ ಏಲ್, ಯಾರೂ ಯಾಕೆ ಅಂತ ಕೇಳಲ್ಲ. ಆದ್ರೆ ರೌಂಡ್ ಅನ್ನೋದು ಮಾತ್ರ ತಪ್ಪಿಸೋ ಹಾಗಿಲ್ಲ, ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ಕೊಡಿಸಬೇಕು, ತಾನು ಕುಡಿಯೋದು ಸೋಡಾ ಆದ್ರೂ ಸರಿ ತನ್ನ ಸರದಿ ಬಂದಾಗ ಎದ್ದು ಕೌಂಟರ್‌ಗೆ ಹೋಗ್ಬೇಕು. ಅದು ಗೊತ್ತಿಲ್ದೇ ಮೊದಲ ಸಲ ನಾನು ಎದ್ದೇ ಇರ್ಲಿಲ್ಲ, ಯಾರೂ ಏನೂ ಅನ್ಲಿಲ್ಲ, ಆಮೇಲೆ ತಿಳಿದಾಗ ತುಂಬಾ ಬೇಜಾರಾಯ್ತು.

ನಿಮ್ಮ ಕೊಲೋನ್ ಪಬ್ಬಲ್ಲಿ ಹೆಂಗಸರು ಒಬ್ಬರೇ ಬರ್ತಾರಾ? ಮತ್ತೆ ವೆಜ್ ಏನಾದ್ರೂ ಸಿಗತ್ತಾ?

ಬಸವನಗುಡಿ ಹುಡುಗ

ಬರ್ತಾರೆ, ನಮ್ಮ ಪಬ್ಬಿನ ಯಜಮಾನಿಯೇ ಎಪ್ಪತ್ತರ ಹತ್ರ ಇರೋ ಹೆಂಗಸು. ಗುರುವಾರ ನಾಲ್ಕು ಅಜ್ಜಿಯರು ಬರ್ತಾರೆ, ಕಿಟಕಿ ಪಕ್ಕದ ಟೇಬಲ್ಲು ಅವರದ್ದು, ಎಲೆ ಆಟ ಆಡ್ತಾ ಒಂಬತ್ತರ ತನಕ ಕೂತಿರ್ತಾರೆ. ಕುಡಿಯದೇ ಇರೋರಿಗೆ ಆಪಲ್ ಜ್ಯೂಸ್‌ಗೆ ಸೋಡಾ ಹಾಕಿ ಕೊಡ್ತಾರೆ, ಆಲ್ಕೋಹಾಲ್ ಇಲ್ಲದ ಕೋಲ್ಷ್‌ ಕೂಡ ಸಿಗತ್ತೆ.

ವೆಜ್ ವಿಷ್ಯಕ್ಕೆ ಒಂದು ಮಾತು ಹೇಳ್ಲೇಬೇಕು. ಇಲ್ಲಿ ಮೆನುನಲ್ಲಿ ಹಾಲ್ವರ್ ಹಾನ್ ಅಂತ ಇರತ್ತೆ, ಪದಕ್ಕೆ ಪದ ನೋಡಿದ್ರೆ ಅರ್ಧ ಹುಂಜ. ನಾನು ಪುಳಿಚಾರು, ಎರಡು ತಿಂಗಳು ಆ ಸಾಲೇ ಓದದೆ ಬರೀ ಆಲೂಗಡ್ಡೆ ತಿಂದೆ. ಆಮೇಲೆ ಯಜಮಾನಿನೇ ತಂದಿಟ್ರು: ರೈ ಹಿಟ್ಟಿನ ಬನ್ನು, ದಪ್ಪ ಗೌಡಾ ಚೀಸು, ಸಾಸಿವೆ, ಈರುಳ್ಳಿ, ಉಪ್ಪಿನಕಾಯಿ ಸೌತೆ. ಕೋಳಿ ಸುಳಿವೇ ಇಲ್ಲ. ಕೊಲೋನ್‌ಗೆ ಬರೋ ಪ್ರತಿ ಸಸ್ಯಾಹಾರಿ ಕನ್ನಡಿಗರಿಗೂ ಇದನ್ನ ಹೇಳಿ ಕಳಿಸ್ತೀನಿ.

ಈಗ ಸಿಕ್ಕಿದ ಕಥೆ. ಇಲ್ಲಿ ಮೂಲೆ ಪಬ್ಬಿಗೆ ಕ್ನೈಪೆ ಅಂತಾರೆ. ಹೊರಗಿಂದ ನೋಡಿದ್ರೆ ಭಯ ಆಗತ್ತೆ ನಿಜವಾಗ್ಲೂ, ಕಿಟಕಿಗೆ ಬಣ್ಣದ ದಪ್ಪ ಗಾಜು, ಅರ್ಧ ಪರದೆ, ಬಾಗಿಲ ಮೇಲೆ ಬ್ರೂವರಿಯ ದೀಪದ ಬೋರ್ಡು, ಒಳಗೆ ಯಾರಿದ್ದಾರೆ ಏನು ಒಂದೂ ಕಾಣಲ್ಲ, ನಗೋ ಸದ್ದು ಮಾತ್ರ ಬರತ್ತೆ. ನಾನು ಹೋದ್ರೆ ಎಲ್ರೂ ತಿರುಗಿ ನೋಡ್ತಾರೆ ಅಂತ ಹೆದರಿಕೆ. 2019ರ ಮೇ ತಿಂಗಳಲ್ಲಿ ಒಂದಿನ ಟ್ರಾಮ್ ಇಳಿದು ನಡೀತಿದ್ದಾಗ ಆಲಿಕಲ್ಲು ಮಳೆ ಹೊಡೀತು, ಕೊಡೆ ಇಲ್ಲ, ಕಣ್ಣಿಗೆ ಕಂಡ ಬಾಗಿಲು ಅದೇ, ತಳ್ಳಿದೆ. ಎಲ್ರೂ ತಿರುಗಿ ನೋಡಿದ್ರು, ಹೌದು. ಆಮೇಲೆ ಒಬ್ಬರು ಸ್ಟೂಲ್ ಮೇಲಿದ್ದ ತಮ್ಮ ಕೋಟು ತೆಗೆದು ಜಾಗ ಮಾಡಿದ್ರು, ಯಜಮಾನಿ ಒಂದು ಟವೆಲ್ ಎಸೆದ್ರು ತಲೆ ಒರೆಸ್ಕೋ ಅಂತ. ಬಿಯರ್ ಆಮೇಲೆ ಬಂತು, ಮೊದ್ಲು ಟವೆಲ್.

ಆವತ್ತಿಗೇ ಅದು ನನ್ನ ಜಾಗ ಆಗ್ಲಿಲ್ಲ. ಎರಡನೇ ಸಲ ಹೋದಾಗ ತಪ್ಪು ಮಾಡಿದೆ, ಒಳಗಡೆ ದೊಡ್ಡ ಟೇಬಲ್ ಖಾಲಿ ಇತ್ತು ಅಂತ ಹೋಗಿ ಕೂತೆ, ಅದು ಶ್ಟಾಮ್‌ಟಿಷ್, ಕಾಯಂ ಬರೋರ ಟೇಬಲ್, ಮಧ್ಯದಲ್ಲಿ ಹಿತ್ತಾಳೆ ಫಲಕನೇ ಇತ್ತು ನಾನು ಗಮನಿಸಿರ್ಲಿಲ್ಲ. ಮೆತ್ತಗೆ ಎಬ್ಬಿಸಿ ಕೌಂಟರ್‌ಗೆ ಕರ್ಕೊಂಡು ಬಂದ್ರು, ಅದೇ ಒಳ್ಳೇದಾಯ್ತು, ಕೌಂಟರಲ್ಲಿ ಕೂತ್ರೆ ಮಾತಾಡದೇ ಇರೋಕೆ ಆಗಲ್ಲ. ನಾಲ್ಕನೇ ಸಲ ಅನ್ಸತ್ತೆ, ಮಂಗಳವಾರ, ನಾನು ಜಾಕೆಟ್ ಬಿಚ್ಚಿ ಮೊಳೆಗೆ ಹಾಕಿ ತಿರುಗೋ ಹೊತ್ತಿಗೆ ಗ್ಲಾಸು ಅಲ್ಲಿತ್ತು. ನಾನು ಏನೂ ಹೇಳಿರ್ಲಿಲ್ಲ. ಆ ಊರಲ್ಲಿ ನನಗೆ ಏನು ಬೇಕು ಅಂತ ಒಬ್ಬರಿಗೆ ಗೊತ್ತಿದೆ ಅನ್ನೋದು, ಅದನ್ನ ಬರೆಯೋಕೆ ಬರ್ತಿಲ್ಲ ನನಗೆ. ಮನೆಗೆ ನಡ್ಕೊಂಡು ಹೋಗುವಾಗ ಕಣ್ಣಲ್ಲಿ ನೀರಿತ್ತು.

ನಿಶಿಕಸಾಯ್ ನಿವಾಸಿ

ಸರ್ ಆ ಗ್ಲಾಸ್ ಅಲ್ಲಿತ್ತು ಅನ್ನೋದು ಓದಿ ಮೈ ಜುಂ ಅಂತು. ನಾನು ಟೋಕಿಯೋದ ನಿಶಿಕಸಾಯ್‌ನಲ್ಲಿ, ಇಲ್ಲಿ 2000ದ ಸುಮಾರಿಗೆ ವೈ2ಕೆ, ಅಂದ್ರೆ ಕಂಪ್ಯೂಟರಲ್ಲಿ 2000ನೇ ಇಸವಿ ತಾರೀಕು ಸರಿಪಡಿಸೋ ಕೆಲಸಕ್ಕೆ ಅಂತ ನಮ್ಮವರು ಬರೋಕೆ ಶುರು ಮಾಡಿ ಈಗ ಬೀದಿ ತುಂಬಾ ನಮ್ಮೋರೇ, ದಿನಸಿ ಅಂಗಡಿಲಿ ಸೋನಾಮಸೂರಿನೇ ಸಿಗತ್ತೆ. ಆದ್ರೆ ನನ್ನ ಇಜಾಕಯಾ, ಅಂದ್ರೆ ಇಲ್ಲಿನ ಪಬ್ಬು, ಎರಡು ಸ್ಟೇಷನ್ ಆಚೆ, ಎಂಟೇ ಸೀಟು. ಇಲ್ಲಿ ಬಾಟಲ್ ಕೀಪ್ ಅಂತ ಪದ್ಧತಿ ಇದೆ, ಶೋಚು ಅನ್ನೋ ಇಲ್ಲಿನ ಮದ್ಯದ ಒಂದು ಪೂರ್ತಿ ಬಾಟಲ್ ಕೊಂಡ್ರೆ ಕತ್ತಿಗೆ ನಿಮ್ಮ ಹೆಸರಿನ ಚೀಟಿ ನೇತು ಹಾಕಿ ಶೆಲ್ಫಲ್ಲಿ ಇಡ್ತಾರೆ, ಮುಂದಿನ ಸಲ ಬಂದಾಗ ಅದೇ ಬಾಟಲ್ ತೆಗೀತಾರೆ. ನನ್ನ ಹೆಸರನ್ನ ಅವರು ಕಟಕಾನಾ ಲಿಪಿಲಿ ಬರೆದ್ರು, ನಾನು ಪಕ್ಕದಲ್ಲೇ ಕನ್ನಡದಲ್ಲೂ ಬರೆದೆ. ಎಂಟು ಹತ್ತು ಜಪಾನಿ ಹೆಸರಿನ ಮಧ್ಯೆ ಒಂದು ಕನ್ನಡ ಚೀಟಿ. ಊರಿಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದಾಗ ಮೊದಲು ಕಣ್ಣು ಹೋಗೋದು ಆ ಶೆಲ್ಫಿಗೆ.

ವೆಜ್ ಮಾತ್ರ ಕಷ್ಟ, ಎಲ್ಲದರಲ್ಲೂ ಮೀನಿನ ಸಾರು ಸೇರಿರತ್ತೆ, ತೋಫು ಮೇಲೂ ಒಣಮೀನಿನ ಚೂರು ಉದುರಿಸ್ತಾರೆ. ಈಗ ಅಂಗಡಿಯವರೇ ನನಗೆ ಅಂತ ಅದಿಲ್ದೇ ಕೊಡ್ತಾರೆ, ಕೇಳ್ಬೇಕಾಗಿಲ್ಲ.

ಕಡಲ ಕರೆ

ನಾನು ಡುಸೆಲ್‌ಡಾರ್ಫ್‌ನಲ್ಲಿ ಮಾರಾಯ್ರೆ, ನಿಮ್ಮಿಂದ ನಲವತ್ತು ಕಿಲೋಮೀಟರ್ ದೂರ. ಇಲ್ಲಿ ಬಂದು ಕೋಲ್ಷ್ ಕೊಡಿ ಅಂತ ಕೇಳಿದ್ರೆ ಮುಖ ನೋಡ್ತಾರೆ, ಇಲ್ಲಿ ಆಲ್ಟ್ ಬಿಯರ್, ಕಂದು ಬಣ್ಣ, ಸ್ವಲ್ಪ ಕಹಿ ಜಾಸ್ತಿ, ನನಗೆ ಅದೇ ಲಾಯ್ಕ. ನಮ್ಮೂರು ಉಡುಪಿ ಹತ್ರ. ಸಣ್ಣವರಿರುವಾಗ ಗಡಂಗಿಗೆ ಅಜ್ಜ ಹೋಗುದನ್ನ ನೋಡಿದ್ದೆ, ಸಾಯಂಕಾಲ ಇಳಿಸಿದ ಶೇಂದಿ, ಜೊತೆಗೆ ಮೀನಿನ ಗಸಿ, ಅಲ್ಲಿ ಕೂತರೆ ಯಾರ ಗದ್ದೆ ನಾಟಿ ಆಯ್ತು, ಯಾರ ಮಗಳಿಗೆ ಸಂಬಂಧ ಬಂತು, ಕಂಬಳಕ್ಕೆ ಯಾರ ಕೋಣ, ಎಲ್ಲ ಸುದ್ದಿಯೂ ಅಲ್ಲೇ. ಅಜ್ಜ ಒಂದು ಕುಡ್ತೆ ಕುಡಿದು ಎರಡು ಗಂಟೆ ಕೂತ್ಕೊಳ್ತಿದ್ರು. ಇಲ್ಲಿನ ಮುದುಕರು ಒಂದು ಗ್ಲಾಸ್ ಎದುರಿಟ್ಟುಕೊಂಡು ಕೂತದ್ದು ನೋಡುವಾಗ ನನಗೆ ಅಜ್ಜನದ್ದೇ ನೆನಪು.

ಹೊಳೆದಂಡೆ

ಅಣ್ಣ ಎಲ್ಲಾ ಓದಿದೆ, ಬೇಜಾರ್ ಮಾಡ್ಕೋಬೇಡಿ, ನನಗೆ ಈ ವಿಷ್ಯ ಸುಲಭ ಅಲ್ಲ. ನಮ್ದು ಮಂಡ್ಯ ಕಡೆ ಹಳ್ಳಿ. ನಮ್ಮಪ್ಪ ಸಾರಾಯಿ ಕುಡಿದು ಕುಡಿದು ಹೋದ್ರು. ಪಾಕೆಟ್ ಸಾರಾಯಿ, ಸಂಜೆ ಆದ್ರೆ ಅಂಗಡಿ ಮುಂದೆ ಸಾಲು. ಅವ್ವ ಕಬ್ಬು ಕಡಿದು ತಂದ ಕೂಲಿ ಸೆರಗಲ್ಲಿ ಕಟ್ಟಿ ಮಲಗಿದ್ರೂ ಬಿಚ್ಚಿ ತಗೊಂಡ್ ಹೋಗೋರು. 2007ರ ಜುಲೈಲಿ ಸರ್ಕಾರ ಸಾರಾಯಿ ನಿಲ್ಲಿಸ್ದಾಗ ನಮ್ಮ ಬೀದಿ ಹೆಂಗಸರು ದೀಪ ಹಚ್ಚಿದ್ರು, ನಮ್ಮಪ್ಪಂಗೆ ಅದು ತಡ ಆಗಿತ್ತು. ನಾನೀಗ ಕೆನಡಾದಲ್ಲಿದೀನಿ, ಆಫೀಸಿನವರು ಕರೆದ್ರೂ ಪಬ್ಬಿಗೆ ಹೋಗಲ್ಲ, ವಾಸನೆ ಬಂದ್ರೆ ಅವ್ವನ ಮುಖ ಬರತ್ತೆ. ನೀವು ಬರೆದಿರೋದ್ರಲ್ಲಿ ಸುಳ್ಳಿದೆ ಅಂತ ಅಲ್ಲ. ಆದ್ರೆ ಬಾರನ್ನ ಪ್ರೀತಿಸೋದು ಹೇಗೆ ಅಂತ ನನಗೆ ಅರ್ಥ ಆಗ್ತಿಲ್ಲ, ಅಷ್ಟೇ ಕೇಳ್ತಿದೀನಿ.

ಬಸವನಗುಡಿ ಹುಡುಗ

ಇದನ್ನ ಬರೆದಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಎರಡು ದಿನ ಉತ್ತರ ಬರೀದೇ ಇದ್ದಿದ್ದು ನಿಮಗೆ ಏನು ಹೇಳ್ಬೇಕು ಅಂತ ಯೋಚಿಸ್ತಾ.

ನೀವು ಹೇಳಿದ ಅಂಗಡಿ ಬೇರೆ, ನಾನು ಹೇಳ್ತಿರೋ ಜಾಗ ಬೇರೆ ಅಂತ ಸುಲಭವಾಗಿ ಹೇಳಿಬಿಡಬಹುದು, ಆದ್ರೆ ಪೂರ್ತಿ ನಿಜ ಅಲ್ಲ ಅದು. ಇಲ್ಲೂ ಕುಡಿದು ಮನೆ ಕಳ್ಕೊಂಡವರಿದ್ದಾರೆ, ನಮ್ಮ ಕೌಂಟರಲ್ಲೇ ಕೂರ್ತಾರೆ. ಯಜಮಾನಿ ಏನು ಮಾಡ್ತಾರೆ ಅಂದ್ರೆ ಒಬ್ಬರಿಗೆ ಐದು ಗೀಟು ಆದ ತಕ್ಷಣ ಅವರೇ ರಟ್ಟು ಎತ್ತಿ ಅವರ ಗ್ಲಾಸ್ ಮೇಲೆ ಮುಚ್ಚಿಬಿಡ್ತಾರೆ, ಸೂಪ್ ತಂದು ಇಡ್ತಾರೆ. ಕುಡಿಯೋರು ಬೈತಾರೆ, ಆದ್ರೂ ಮಾರನೇ ದಿನ ಅಲ್ಲಿಗೇ ಬರ್ತಾರೆ. ಅವರು ಎರಡು ದಿನ ಬರ್ಲಿಲ್ಲ ಅಂದ್ರೆ ಯಾರಾದ್ರೂ ಹೋಗಿ ಮನೆ ಬೆಲ್ ಒತ್ತಿ ನೋಡ್ಕೊಂಡು ಬರ್ತಾರೆ. ಸಾರಾಯಿ ಅಂಗಡಿ ಮುಂದಿನ ಸಾಲಲ್ಲಿ ನಿಮ್ಮ ತಂದೆಯವರಿಗೆ ಆ ರಟ್ಟು ಮುಚ್ಚೋರು ಯಾರೂ ಇರ್ಲಿಲ್ಲ, ಅಲ್ಲಿ ಪಾಕೆಟ್ ಮಾರೋದಷ್ಟೇ ಇತ್ತು. ನನ್ನದು ಮಂಗಳವಾರ, ಶುಕ್ರವಾರ, ಮೂರೇ ಗ್ಲಾಸು, ಎಲ್ಲ ಸೇರಿ 600 ಎಂಎಲ್. ನೀವು ಹೋಗದೇ ಇರೋದು ಸರಿ ಅಂತಾನೇ ನನಗೆ ಅನ್ಸತ್ತೆ, ಹೋಗಿ ಅಂತ ಹೇಳಲ್ಲ.

ನಾನು ಪ್ರೀತಿಸೋದು ಏನನ್ನ ಅಂತ ಕೇಳಿದ್ರಲ್ಲ, ಅದಕ್ಕೆ ಒಂದು ವಿಷ್ಯ ಹೇಳ್ತೀನಿ, ಇದನ್ನ ಹೇಳೋಕೇ ಈ ಥ್ರೆಡ್ ಶುರು ಮಾಡಿದ್ದು.

ಟಾಯ್ಲೆಟ್‌ಗೆ ಹೋಗೋ ದಾರಿ ಗೋಡೆ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಇದೆ, ಹಸಿರು ಬಣ್ಣ, ಸಾಲಾಗಿ ಚಿಕ್ಕ ಚಿಕ್ಕ ಸೀಳು, ಒಂದೊಂದಕ್ಕೂ ನಂಬರು. ಪೋಸ್ಟ್ ಬಾಕ್ಸ್ ಅನ್ಕೊಂಡಿದ್ದೆ. ಅದು ಶ್ಪಾರ್‌ಕಾಸ್ಟನ್, ಉಳಿತಾಯದ ಪೆಟ್ಟಿಗೆ. ಹಳೇ ಕ್ನೈಪೆಗಳಲ್ಲಿ ಈಗಲೂ ಕಾಣತ್ತೆ. ಕಾಯಂ ಬರೋರಿಗೆ ಒಂದೊಂದು ಖಾನೆ, ವಾರಕ್ಕೆ ಇಷ್ಟು ಅಂತ ಕನಿಷ್ಠ ಮೊತ್ತ ಹಾಕ್ಲೇಬೇಕು, ನಮ್ಮಲ್ಲಿ ಐದು ಯೂರೋ. ವಾರಕ್ಕೊಂದು ಸಲ ಇಬ್ಬರು ಸೇರಿ ತೆಗೆದು ಎಣಿಸಿ ಪುಸ್ತಕದಲ್ಲಿ ಬರೆದು ಬ್ಯಾಂಕಿಗೆ ಕಟ್ತಾರೆ, ಖಾನೆ ಖಾಲಿ ಇದ್ರೆ ಒಂದು ಯೂರೋ ದಂಡ, ದಂಡದ ದುಡ್ಡು ವರ್ಷದ ಕೊನೆ ಊಟಕ್ಕೆ. ಡಿಸೆಂಬರಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ಎಲ್ಲರ ದುಡ್ಡು ಎಲ್ಲರಿಗೆ ವಾಪಸ್. ಕೂಲಿ ಸಂಬಳ ಪೂರ್ತಿ ಕೌಂಟರಲ್ಲೇ ಖರ್ಚಾಗಬಾರ್ದು, ಮನೆಗೂ ಸ್ವಲ್ಪ ಉಳೀಲಿ ಅಂತ ಶುರುವಾಗಿದ್ದು ಅಂತ ನಮ್ಮ ಪಬ್ಬಿನ ಹಿರಿಯರು ಹೇಳ್ತಾರೆ. ಅಮ್ಮಂಗೆ ಇದನ್ನ ಹೇಳ್ದಾಗ ಅವರು ಅಂದಿದ್ದು, ಓ ಚೀಟಿ ಅನ್ನು, ಅಂತ. ಹರಾಜಿಲ್ಲದ ಚೀಟಿ. 2020ರಲ್ಲಿ ನನಗೂ ಒಂದು ಖಾನೆ ಸಿಕ್ತು, 37ನೇ ನಂಬರು. ನವೆಂಬರ್ 2ರಿಂದ ಲಾಕ್‌ಡೌನ್ ಅಂತ ಎಲ್ಲ ಮುಚ್ಚಿದಾಗಲೂ ಯಜಮಾನಿ ಕಿಟಕಿ ತೆಗೆದು ನಿಂತಿರ್ತಿದ್ರು, ನಾವು ಬೀದಿಲಿ ದೂರ ದೂರ ನಿಂತು ಲಕೋಟೆಲಿ ಹಾಕಿ ಕೊಡ್ತಿದ್ವಿ.

2023ರ ಜನವರಿಲಿ ಅಪ್ಪಂಗೆ ಸ್ಟ್ರೋಕ್ ಆಯ್ತು. ಒಂದು ಬ್ಯಾಗ್ ತಗೊಂಡು ಹೊರಟುಬಿಟ್ಟೆ, ಪಬ್ಬಲ್ಲಿ ಯಾರಿಗೂ ಹೇಳ್ಲಿಲ್ಲ, ಹೇಳ್ಬೇಕು ಅಂತಾನೂ ಹೊಳೀಲಿಲ್ಲ. ಮಾರ್ಚಲ್ಲಿ ಅಪ್ಪ ಹೋದ್ರು. ವೈಕುಂಠ ಸಮಾರಾಧನೆ ಎಲ್ಲ ಮುಗಿಸಿ, ಅಮ್ಮನ್ನ ತಂಗಿ ಮನೇಲಿ ಬಿಟ್ಟು ವಾಪಸ್ ಬಂದಾಗ ಏಪ್ರಿಲ್. ಒಟ್ಟು ಹದಿನಾಲ್ಕು ವಾರ. ಒಂದು ವಾರ ಮನೆಯಿಂದ ಹೊರಗೇ ಬರ್ಲಿಲ್ಲ. ಆಮೇಲೆ ಮಂಗಳವಾರ ಹೋದೆ. ತಲೆ ಕೂದಲು ತೆಗೆದಿದ್ದು ಇನ್ನೂ ಸರಿಯಾಗಿ ಬಂದಿರ್ಲಿಲ್ಲ, ನೋಡಿದ ತಕ್ಷಣ ಅವರಿಗೆ ಏನೋ ಆಗಿದೆ ಅಂತ ಗೊತ್ತಾಯ್ತು, ಹೇಳಿದೆ. ಯಾರೂ ಜಾಸ್ತಿ ಮಾತಾಡ್ಲಿಲ್ಲ. ಇಲ್ಲಿ ಟೇಬಲ್ಲಿಗೆ ಬಂದಾಗ ಹೋಗುವಾಗ ಒಬ್ಬೊಬ್ಬರಿಗೂ ಕೈ ಕುಲುಕೋ ಬದಲು ಮರದ ಮೇಲೆ ಬೆರಳ ಗೆಣ್ಣಲ್ಲಿ ಎರಡು ಸಲ ತಟ್ತಾರೆ. ಆವತ್ತು ಕೌಂಟರಲ್ಲಿದ್ದ ಎಲ್ಲರೂ ಒಬ್ಬರಾದ್ಮೇಲೆ ಒಬ್ಬರು ತಟ್ಟಿದ್ರು.

ಹೊರಡುವಾಗ ದಂಡ ಕಟ್ಟೋಣ ಅಂತ ಲೆಕ್ಕ ಬರೆಯೋರನ್ನ ಕೇಳ್ದೆ, ಹದಿನಾಲ್ಕು ವಾರದ್ದು ಎಷ್ಟಾಯ್ತು ಅಂತ. ಅವರು ಪುಸ್ತಕ ತೆಗೆದು ತಿರುಗಿಸಿ ನನ್ನ ಮುಂದೆ ಇಟ್ರು. 37ನೇ ಸಾಲು. ಒಂದು ವಾರದ ಚೌಕನೂ ಖಾಲಿ ಇಲ್ಲ. ಜನವರಿ ಮೂರನೇ ವಾರ 5, ನಾಲ್ಕನೇ ವಾರ 5, ಫೆಬ್ರವರಿ ಎಲ್ಲ 5, ಒಂದು ವಾರ ಯಾರೋ 10 ಹಾಕಿದ್ದಾರೆ. ಯಾರು ಹಾಕಿದ್ದು ಅಂತ ಕೇಳಿದ್ರೆ ಸೀಳಲ್ಲಿ ಹಾಕಿದ ದುಡ್ಡಿಗೆ ಹೆಸರಿರಲ್ಲ ಅಂದ್ರು. ಇವತ್ತಿಗೂ ನನಗೆ ಗೊತ್ತಿಲ್ಲ, ಒಬ್ಬರಲ್ಲ ಅಂತ ಮಾತ್ರ ಗೊತ್ತು. ನನ್ನ ಜರ್ಮನ್ ಆಗ ಇನ್ನೂ ಅರ್ಧಂಬರ್ಧ, ಅವರ ಕೋಲ್ಷ್ ಮಾತು ನನಗೆ ಮುಕ್ಕಾಲು ಪಾಲು ಅರ್ಥ ಆಗ್ತಿರ್ಲಿಲ್ಲ, ನಾನು ವಾಪಸ್ ಬರ್ತೀನೋ ಇಲ್ವೋ ಅಂತಾನೂ ಅವರಿಗೆ ಗೊತ್ತಿರ್ಲಿಲ್ಲ. ಆದ್ರೂ ಪ್ರತಿ ವಾರ ಯಾರೋ ಒಬ್ಬರು ಎದ್ದು ಹೋಗಿ ನನ್ನ ಖಾನೆ ಖಾಲಿ ಬಿಡಬಾರ್ದು ಅಂತ ಹಾಕಿದ್ದಾರೆ.

ಹೊಳೆದಂಡೆಯವರೇ, ನಾನು ಪ್ರೀತಿಸೋದು ಇದನ್ನ.

ಹೊಳೆದಂಡೆ

ಓದಿದೆ ಅಣ್ಣ. ಅವ್ವಂಗೆ ಫೋನ್ ಮಾಡಿ ಆ ಪೆಟ್ಟಿಗೆ ವಿಷ್ಯ ಓದಿ ಹೇಳಿದೆ. ನಮ್ಮೂರಲ್ಲೂ ಅಂಥದ್ದೊಂದು ಪೆಟ್ಟಿಗೆ ಇದ್ದಿದ್ರೆ ಅಂದ್ರು, ಆಮೇಲೆ ಸುಮ್ಮನಾದ್ರು.

ಹಾಸನದ ಹುಡುಗಿ

ನೈಟ್ ಡ್ಯೂಟಿಲಿ ಓದ್ತಿದೀನಿ, ಕಣ್ಣು ಒರೆಸ್ಕೊಂಡು ರೌಂಡ್ಸ್‌ಗೆ ಹೋಗ್ಬೇಕು. ಆ ದುಡ್ಡನ್ನ ಡಿಸೆಂಬರಲ್ಲಿ ಏನು ಮಾಡಿದ್ರಿ?

ಬಸವನಗುಡಿ ಹುಡುಗ

ಪಿಟ್ಟರ್‌ಮೆನ್‌ಷೆನ್ ಅಂತ ಇಲ್ಲಿ ಹತ್ತು ಲೀಟರಿನ ಸಣ್ಣ ಪೀಪಾಯಿ ಸಿಗತ್ತೆ, ಅದನ್ನ ಎಲ್ಲರಿಗೂ ಕೊಡಿಸೋಣ ಅಂತ ಮೊದಲು ಅನ್ಕೊಂಡೆ. ಆದ್ರೆ ಅಪ್ಪ ಜೀವನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ, ಅವರ ನೆನಪಿಗೆ ಬಿಯರ್ ಯಾಕೋ ಸರಿ ಅನ್ನಿಸ್ಲಿಲ್ಲ. ವರ್ಷದ ಕೊನೆ ಊಟಕ್ಕೆ ಬಿಸಿಬೇಳೆಬಾತ್ ಮಾಡಿದೆ, ಇಪ್ಪತ್ತಾರು ಜನಕ್ಕೆ, ಪಬ್ಬಿನ ಅಡುಗೆಮನೇಲೇ. ಅಮ್ಮ ಪುಡಿ ಕಳಿಸಿದ್ರು. ತರಕಾರಿ ವಿಲ್ಹೆಲ್ಮ್‌ಪ್ಲಾಟ್ಸ್ ಸಂತೆಯಿಂದ, ನಮ್ಮ ನಿಪ್ಪೆಸ್‌ನಲ್ಲಿ ಭಾನುವಾರ ಬಿಟ್ಟು ದಿನಾ ಸಂತೆ ಇರತ್ತೆ, ಗಾಂಧಿ ಬಜಾರ್ ಥರಾನೇ. ಗುರುವಾರದ ಅಜ್ಜಿಯರು ಎರಡೆರಡು ಸಲ ಹಾಕಿಸ್ಕೊಂಡ್ರು, ಮೂಗಲ್ಲಿ ನೀರು ಬಂದ್ರೂ ಬಿಡ್ಲಿಲ್ಲ.

ಆವತ್ತೇ ಒಬ್ಬರು ನಿನ್ನ ಭಾಷೆ ಯಾವುದು, ಹಿಂದಿನಾ ಅಂತ ಕೇಳಿದ್ರು. ಕಿಟ್ಟೆಲ್ ಬಗ್ಗೆ ಹೇಳಿದೆ. ನಿಮ್ಮ ದೇಶದವರೇ ಒಬ್ಬರು 1853ರಲ್ಲಿ ನಮ್ಮ ಕಡೆ ಬಂದು, ಕನ್ನಡ ಕಲಿತು, 1894ರಲ್ಲಿ ಮಂಗಳೂರಿಂದ ಅಷ್ಟು ದಪ್ಪದ ನಿಘಂಟು ತಂದ್ರು, ಬೆಂಗಳೂರಲ್ಲಿ ಅವರ ಪ್ರತಿಮೆ ಇದೆ, ನಮ್ಮ ಮನೇಲಿ ಆ ಪುಸ್ತಕ ಅಪ್ಪನ ಮೇಜಿನ ಮೇಲೆ ಇರ್ತಿತ್ತು ಅಂತ. ಅಲ್ಲಿದ್ದ ಒಬ್ಬರಿಗೂ ಕಿಟ್ಟೆಲ್ ಯಾರು ಅಂತ ಗೊತ್ತಿರ್ಲಿಲ್ಲ. ಫೋನಲ್ಲಿ ಆ ನಿಘಂಟಿನ ಒಂದು ಪುಟ ತೋರಿಸಿದೆ, ಕೈಯಿಂದ ಕೈಗೆ ಹೋಯ್ತು ಫೋನು, ಯಜಮಾನಿ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ಅಕ್ಷರ ನೋಡ್ತಾ ನಿಂತಿದ್ರು. ಈಗ ನಾನು ಒಳಗೆ ಬಂದ್ರೆ ನಮಸ್ಕಾರ ಅಂತಾರೆ.

ಸೆಪ್ಟೆಂಬರ್ ಇಂಟೇಕ್

ಸರ್ ನಾನು ತುಮಕೂರು, ಈ ಸೆಪ್ಟೆಂಬರಲ್ಲಿ ಮಾಸ್ಟರ್ಸ್‌ಗೆ ಕೊಲೋನ್‌ಗೆ ಬರ್ತಿದೀನಿ, ರೂಮು ಕೂಡ ಆ ಕಡೆನೇ ಸಿಕ್ಕಿದೆ. ಮನೆಯಿಂದ ಮೊದಲ ಸಲ ಹೊರಗೆ. ಪಬ್ಬಿನ ಹೆಸರು ಹೇಳ್ತೀರಾ? ನಾನು ಕುಡಿಯಲ್ಲ, ಬಂದ್ರೆ ಪರ್ವಾಗಿಲ್ವಾ?

ಬಸವನಗುಡಿ ಹುಡುಗ

ಹೆಸರು ಇಲ್ಲಿ ಹಾಕಲ್ಲಪ್ಪ, ಬೇಜಾರ್ ಮಾಡ್ಕೋಬೇಡ. ಒಳಗೆ ಮೂವತ್ತು ಜನ ಹಿಡಿಯೋ ಜಾಗ, ಯಜಮಾನಿಗೆ ವಯಸ್ಸಾಗಿದೆ, ರೇಟಿಂಗ್ ನೋಡ್ಕೊಂಡು ಜನ ನುಗ್ಗೋದು ಅವರಿಗೆ ಬೇಡ. ನಿನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡ್ತೀನಿ.

ಕುಡಿಯದೇ ಇದ್ರೆ ಏನೂ ತೊಂದ್ರೆ ಇಲ್ಲ, ಆಪಲ್ ಜ್ಯೂಸ್ ಸೋಡಾ ಕೇಳು. ಮಂಗಳವಾರ ಏಳರ ಮೇಲೆ ಬಾ, ನಾನಿರ್ತೀನಿ. ಬಾಗಿಲು ತಳ್ಳಿದ ತಕ್ಷಣ ಇಡೀ ರೂಮಿಗೆ ಕೇಳೋ ಹಾಗೆ ಗುಟೆನ್ ಆಬೆಂಡ್ ಅನ್ನು, ಮೆತ್ತಗೆ ಅಲ್ಲ. ಕೌಂಟರಲ್ಲೇ ಕೂರು. ಗೋಡೆ ಪಕ್ಕದ ಕೊನೇ ಸ್ಟೂಲ್ ಬಿಟ್ಟುಬಿಡು, ಅದು ಒಬ್ಬ ತಾತಂದು, ಎಂಟಕ್ಕೆ ಬರ್ತಾರೆ, ಫೋರ್ಡ್ ಫ್ಯಾಕ್ಟರಿಲಿ ಇದ್ದವರು, ನಿನಗೆ ಖಂಡಿತ ಯಾವ ಕಾರು ಅಂತ ಕೇಳ್ತಾರೆ. ಮೊದಲ ದಿನ ಯಾರೂ ಮಾತಾಡಿಸ್ಲಿಲ್ಲ ಅಂದ್ರೆ ಎದ್ದು ಹೋಗ್ಬೇಡ, ಮುಂದಿನ ವಾರನೂ ಬಾ, ಅದರ ಮುಂದಿನ ವಾರನೂ.

ಮತ್ತೆ ಒಂದು. ಪೆಟ್ಟಿಗೇಲಿ 41ನೇ ಖಾನೆ ಖಾಲಿ ಇದೆ, ಅದು ಇದ್ದವರು ಮಗಳ ಮನೆಗೆ ಅಂತ ಬೇರೆ ಊರಿಗೆ ಹೋದ್ರು. ಹೊಸ ಲೆಕ್ಕ ಜನವರಿಗೆ ಶುರು. ಯಜಮಾನಿಗೆ ಹೇಳಿ ಇಡಿಸ್ಲಾ?

ಸೆಪ್ಟೆಂಬರ್ ಇಂಟೇಕ್

ಇಡಿಸಿ ಸರ್. ವಾರಕ್ಕೆ ಐದು ಯೂರೋ ಆಗತ್ತೆ.